ಹದಿನೈದನೆಯ ಹಾಜರಿ

ವಿಮಲಮ್ಮ ಕಿಟಕಿಯಿಂದ ಸಭಾಕೊಠಡಿಯೊಳಗಿದ್ದ ತಲೆಗಳನ್ನು ಮೂರನೇ ಸಲ ಎಣಿಸಿದರು. ಹೇಗೆ ಎಣಿಸಿದರೂ ಏಳೇ. ಮಾರ್ಗದರ್ಶಕ ಮಲ್ಲಿಕಾರ್ಜುನಯ್ಯನವರು, ಅವರ ಇಬ್ಬರು ಸಹೋದ್ಯೋಗಿಗಳು, ನಾಲ್ಕು ಜನ ಸಂಶೋಧನಾ ವಿದ್ಯಾರ್ಥಿಗಳು. ಗಡಿಯಾರದಲ್ಲಿ ಎರಡು ಗಂಟೆ ಹತ್ತು ನಿಮಿಷ.

ಎರಡೂವರೆಗೆ ತಾಹೇರಾಳ ಪಿಎಚ್‌.ಡಿ. ಪ್ರಬಂಧದ ಕೊನೆಯ ಮಂಡನೆ. ಕನಿಷ್ಠ ಹದಿನೈದು ಮಂದಿ ಕೂತು ಕೇಳಿ ಸಹಿ ಹಾಕದಿದ್ದರೆ ಅದು ನಡೆದ ಲೆಕ್ಕಕ್ಕಿಲ್ಲ. ನಾಳೆಗೆ ಅವಳ ನೋಂದಣಿಯ ಅವಧಿ ಮುಗಿಯುತ್ತದೆ. ಎರಡು ಸಲ ವಿಸ್ತರಣೆ ಸಿಕ್ಕಾಗಿದೆ, ಮೂರನೆಯದು ಇಲ್ಲ. ಆರು ವರ್ಷದ ದುಡಿಮೆ ಇನ್ನೂ ಬೇಕಾದ ಎಂಟು ತಲೆಗಳ ಮೇಲೆ ನಿಂತಿತ್ತು.

ತಪ್ಪು ವಿಮಲಮ್ಮನವರದೇ. ಈ ಸ್ನಾತಕೋತ್ತರ ಕೇಂದ್ರದ ಸಂಶೋಧನಾ ವಿಭಾಗಕ್ಕೆ ಹನ್ನೊಂದು ವರ್ಷದಿಂದ ಅವರೇ ಸೂಪರಿಂಟೆಂಡೆಂಟ್. ಪ್ರವೇಶ, ತರಬೇತಿ ತರಗತಿ, ಆರು ತಿಂಗಳ ವರದಿ, ಮಂಡನೆ, ಎಲ್ಲವೂ ಅವರ ಮೇಜಿನ ಮೇಲಿಂದಲೇ ಹೋಗಬೇಕು. ಅಲ್ಪವಿರಾಮ ತಪ್ಪಿದರೂ ಕಡತ ವಾಪಸು ಕಳಿಸುವ ಹೆಂಗಸು ಅನ್ನುವ ಹೆಸರು ಅವರಿಗಿತ್ತು. ಆ ಹೆಸರಿನ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಅಂಥವರೇ ಈ ಶುಕ್ರವಾರವನ್ನು ಗೊತ್ತುಮಾಡುವಾಗ, ಉತ್ತರ ಪತ್ರಿಕೆ ತಿದ್ದಲು ಅರ್ಧ ಕಾಲೇಜೇ ಬೆಂಗಳೂರಿಗೆ ಹೋಗಿರುತ್ತದೆ ಅನ್ನುವುದನ್ನು ಮರೆತಿದ್ದರು. ಕಚೇರಿಯವರ ಸಹಿ ಹಾಕೋಣವೆಂದರೆ ಅದು ನಡೆಯದು ಎಂಬ ನಿಯಮವನ್ನು ಬರೆದವರೂ ಅವರೇ.

ತಾಹೇರಾ ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ನೀರಿನ ಬಾಟಲಿ, ಮುಖದಲ್ಲಿ ನೀರಿಲ್ಲ.

"ಎಷ್ಟು ಜನ ಆದ್ರು ಮೇಡಮ್?"

"ಬರ್ತಾರೆ, ನೀನು ಒಳಗೆ ಹೋಗು" ಎಂದರು ವಿಮಲಮ್ಮ. ಹನ್ನೊಂದು ವರ್ಷದಲ್ಲಿ ಅವರು ಹೇಳಿದ ಮೊದಲ ಆಧಾರವಿಲ್ಲದ ಮಾತು ಅದು.

ಅಷ್ಟರಲ್ಲಿ ಗೇಟಿನ ಕಡೆಯಿಂದ ಮಾತು ಕೇಳಿಸಿತು. ಅಟೆಂಡರ್ ಲಿಂಗಯ್ಯ ಮುಂದೆ, ಅವನ ಹಿಂದೆ ಎಂಟು ಜನ. ಬಿಳಿ ಟೋಪಿ ಹಾಕಿದ್ದ ಒಬ್ಬರು, ಅವರ ಜೊತೆ ಇನ್ನಿಬ್ಬರು ಗಂಡಸರು, ಸೆರಗು ಹೊದ್ದ ಐದು ಹೆಂಗಸರು.

"ಯಾರಪ್ಪ ಇವರೆಲ್ಲ?"

"ಫಿಲೇಚರ್‌ನೋರು ಮೇಡಮ್, ರೇಷ್ಮೆ ನೂಲು ಬಿಚ್ಚೋರು" ಎಂದ ಲಿಂಗಯ್ಯ. "ನೀವು ನೋಟೀಸು ಆರು ಕೊಟ್ಟಿದ್ರಲ್ಲ, ನಾಕು ಇಲ್ಲಿಗೇ ಆಯ್ತು. ಉಳಿದಿದ್ದ ಯಾಕ್ ಬಿಸಾಕದು ಅಂತ ಗೂಡಿನ ಮಾರ್ಕೆಟ್ ಗೇಟ್‌ಗೆ ಒಂದು, ಖಾಸಿಂ ಸಾಬರ ಫಿಲೇಚರ್ ಬಾಗ್ಲಿಗೆ ಒಂದು ಅಂಟ್ಸ್‌ಬುಟ್ಟೆ. ನೂಲು ಬಿಚ್ಚೋರ ಇಸ್ಯ ತಾನೆ ಬರ್ದಿದ್ದು? ಸರ್ವರಿಗೂ ಸ್ವಾಗತ ಅಂತಾನೂ ಐತೆ."

ಬೇರೆ ದಿನವಾಗಿದ್ದರೆ ಲಿಂಗಯ್ಯನಿಗೆ ಕಾರಣ ಕೇಳುವ ಪತ್ರ ಗ್ಯಾರಂಟಿ. ವಿಮಲಮ್ಮ ಒಂದು ಕ್ಷಣ ಆ ಎಂಟು ಜನರನ್ನು ನೋಡಿದರು. ನಿಯಮದಲ್ಲಿ ಕಚೇರಿಯವರನ್ನು ಬಿಟ್ಟು ಹದಿನೈದು ಮಂದಿ ಎಂದಿತ್ತೇ ಹೊರತು ಎಂಥ ಮಂದಿ ಎಂದಿರಲಿಲ್ಲ.

"ಶುಕ್ರವಾರ ನಮ್ದು ರಜಾ ಅಲ್ವಾ ಮೇಡಮ್, ನಮಾಜ್ ಮುಗಿಸ್ಕೊಂಡು ಬಂದ್ವಿ" ಎಂದರು ಬಿಳಿ ಟೋಪಿಯ ಖಾಸಿಂ ಸಾಹೇಬರು. "ನಮ್ ಜೈನಬ್ ಮಗಳು ತಾಹೇರಾ ಮಾತಾಡೋದು ಕೇಳ್ಬಾರ್ದಾ?"

"ಬನ್ನಿ, ಮುಂದಿನ ಸಾಲಲ್ಲೇ ಕೂತ್ಕೊಳ್ಳಿ" ಎಂದರು ವಿಮಲಮ್ಮ. ಅವರ ದನಿ ಅವರಿಗೇ ಹೊಸದಾಗಿ ಕೇಳಿಸಿತು.

ತಾಹೇರಾ ಮೊದಲ ಪುಟವನ್ನು ಹಾಳೆ ನೋಡಿಕೊಂಡೇ ಓದಿದಳು. ಮುಂದಿನ ಸಾಲಿನ ಮುಖಗಳನ್ನು ನೋಡಿದ ಮೇಲೆ ಹಾಳೆ ಕೆಳಗಿಟ್ಟು ಮಾತಾಡಿದಳು. ಕುದಿಯುವ ನೀರಿನಲ್ಲಿ ಗೂಡು ಬೆಂದಿದೆಯೋ ಇಲ್ಲವೋ ಎಂದು ಬೆರಳಿನಲ್ಲೇ ಹೇಳುವ ಹೆಂಗಸರ ಕೈಗಳ ಬಗ್ಗೆ ಅವಳ ಪ್ರಬಂಧ. ಅವಳ ತಾಯಿ ಜೈನಬ್ ಅದೇ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದವರು.

ಪರೀಕ್ಷಕರಾಗಿ ಮೈಸೂರಿನಿಂದ ಬಂದಿದ್ದ, ಹಾಜರಿಯ ಲೆಕ್ಕಕ್ಕೆ ಸೇರದ ವಿಷಯ ತಜ್ಞರು ಕೊನೆಗೆ ಕನ್ನಡಕ ಸರಿಮಾಡಿಕೊಂಡರು.

"ಬೆರಳಿನ ಗೆರೆ ಸವೆದುಹೋಗುತ್ತೆ, ಪಡಿತರ ಅಂಗಡಿ ಯಂತ್ರಕ್ಕೆ ಗುರುತು ಸಿಗಲ್ಲ ಅಂತ ಬರೆದಿದ್ದೀರಿ. ಅರವತ್ತೆರಡರಲ್ಲಿ ನಲವತ್ತೊಂದು ಜನಕ್ಕೆ. ಇದು ಅವರು ಹೇಳಿದ್ದು. ನೀವು ಕಣ್ಣಾರೆ ಕಂಡದ್ದೇನು?"

ತಾಹೇರಾ ಪಟ್ಟಿ ತೋರಿಸಿದಳು. ಅವರು ಪಟ್ಟಿಯನ್ನು ನೋಡಿ "ಹೂಂ" ಎಂದರು. ಆ ಹೂಂ ವಿಮಲಮ್ಮನವರಿಗೆ ಇಷ್ಟವಾಗಲಿಲ್ಲ.

ಮುಂದಿನ ಸಾಲಿನಲ್ಲಿ ಎಲ್ಲರಿಗಿಂತ ಹಿರಿಯಳಾದ ದೊಡ್ಡಲಕ್ಷ್ಮಮ್ಮ ಎದ್ದು ನಿಂತಳು. "ಸ್ವಾಮಿ, ನಾನೂ ಒಂದ್ ಮಾತು ಕೇಳ್ಬೋದಾ?"

"ಕೇಳಮ್ಮ, ಎಲ್ಲರೂ ಕೇಳಬಹುದು."

"ಈ ಮಗ ನಮ್ ತಾವ್ಕೆ ಬಂದು, ನಮ್ ಜತೇಲೇ ಕುಂತು, ಬಿಸ್ನೀರ್ಗೆ ತಾನೂ ಕೈ ಹಾಕ್ತು. ಬ್ಯಾಡ ಕಣವ್ವ ಅಂದ್ರೂ ಕೇಳ್ನಿಲ್ಲ. ಇದುನ್ನೆಲ್ಲ ಬರ್ದು ಪಾಸಾದ್ ಮ್ಯಾಕೆ ಆ ಮಿಸಿನ್ನು ನಮ್ಮ ಗುರ್ತು ಹಿಡೀತದಾ?"

 "ಅದು ಬೇರೆ ಇಲಾಖೆಯಮ್ಮ" ಎಂದು ಹೇಳಿ, ಹೇಳಿದ್ದು ತಮಗೇ ರುಚಿಸದೆ ತಜ್ಞರು ನೀರು ಕುಡಿದರು.

ಸಹಿ ಮಾತ್ರ ಕೊನೆಯಲ್ಲೇ. ಮೊದಲೇ ಹಾಕಿಸಿದರೆ ಜನ ಕ್ಯಾಂಟೀನಿಗೆ ನುಸುಳುತ್ತಾರೆಂದು ವಿಮಲಮ್ಮ ಮಾಡಿದ ಪದ್ಧತಿ ಅದು. ಹಾಳೆ ಕೈಯಿಂದ ಕೈಗೆ ಹೋಯಿತು. ಖಾಸಿಂ ಸಾಹೇಬರು ಉರ್ದುವಿನಲ್ಲಿ ರುಜು ಹಾಕಿದರು. ಹೆಂಗಸರಲ್ಲಿ ನಾಲ್ವರು ಕಷ್ಟಪಟ್ಟು ಹೆಸರು ಬರೆದರು. ಹದಿನಾಲ್ಕಾಯಿತು.

"ನಂಗೆ ಬರಾಕಿಲ್ಲ ಕಣವ್ವ, ಹೆಬ್ಬೆಟ್ಟೇಯ" ಎಂದಳು ದೊಡ್ಡಲಕ್ಷ್ಮಮ್ಮ.

ವಿಮಲಮ್ಮ ನೇರಳೆ ಮಸಿಯ ಪ್ಯಾಡ್ ತಂದು ಅವಳ ಎಡಗೈ ಹೆಬ್ಬೆರಳನ್ನು ತಾವೇ ಹಿಡಿದು ಒತ್ತಿಸಿದರು. ಹಾಳೆಯ ಮೇಲೆ ಒಂದು ನೇರಳೆ ಬೊಟ್ಟು ಬಿತ್ತು. ಗೆರೆಗಳಿರಲಿಲ್ಲ.

"ಒಸಿ ಮೆಲ್ಲಗೆ ಒತ್ತಿ" ಎಂದರು. ಮತ್ತೊಂದು ಬೊಟ್ಟು, ಅಷ್ಟೇ ನುಣುಪು. ಬಲಗೈಯದೂ ಹಾಗೆಯೇ.

 ಹೆಬ್ಬೆಟ್ಟು ಅಸ್ಪಷ್ಟ ಎಂದು ಎಷ್ಟೋ ಕಡತಗಳನ್ನು ವಿಮಲಮ್ಮ ವಾಪಸು ಕಳಿಸಿದ್ದರು. ಮುಖ್ಯ ಕಚೇರಿಯಲ್ಲೂ ಅವರಂಥವರು ಒಬ್ಬರು ಇದ್ದೇ ಇರುತ್ತಾರೆ. ಇದನ್ನು ತಳ್ಳಿಹಾಕಿದರೆ ಹದಿನಾಲ್ಕೇ.

"ತೆಪ್ಪಾಯ್ತಾ?" ದೊಡ್ಡಲಕ್ಷ್ಮಮ್ಮ ಕೇಳಿದಳು. "ರೇಷನ್ ಅಂಗ್ಡಿಲೂ ಇಂಗೇಯ. ನನ್ನಿಂದ ಮಗೀಗೆ ತೊಂದ್ರೆ ಆದದು ಬ್ಯಾಡ ಕಣವ್ವ."

 ರೈಲಿಗೆ ಹೊತ್ತಾಯಿತೆಂದು ಚೀಲ ಹೆಗಲಿಗೇರಿಸಿದ್ದ ತಜ್ಞರು ಹತ್ತಿರ ಬಂದು ಬಗ್ಗಿದರು. ಹಾಳೆಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಚೀಲವನ್ನು ಮತ್ತೆ ಕೆಳಗಿಟ್ಟು ಇನ್ನೊಮ್ಮೆ ನೋಡಿದರು. "ಮೇಡಮ್, ಇದರದೊಂದು ನಕಲು ನನಗೆ ಬೇಕು" ಎಂದು ತಾಹೇರಾಳ ಕಡೆ ತಿರುಗಿ, "ನನ್ನ ಪ್ರಶ್ನೆ ಇತ್ತಲ್ಲಮ್ಮ, ಅದನ್ನ ಬಿಟ್ಟುಬಿಡಿ" ಎಂದರು.

ವಿಮಲಮ್ಮ ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡರು. ಮೂರು ಬೊಟ್ಟುಗಳ ಪಕ್ಕದ ಷರಾ ಅಂಕಣದಲ್ಲಿ ದುಂಡಗೆ ಬರೆದರು: "ಇವರ ಹೆಬ್ಬೆಟ್ಟು ಇರುವುದೇ ಹೀಗೆ. ನನ್ನ ಎದುರಿನಲ್ಲಿ ಒತ್ತಿದ್ದು." ಕೆಳಗೆ ಸಹಿ, ಸಹಿಯ ಮೇಲೆ ಮೊಹರು. ವಾಪಸು ಕಳಿಸುವವರು ಕಳಿಸಲಿ, ತಾವೇ ಹೋಗಿ ಜಗಳ ಆಡುವುದು ಎಂದುಕೊಂಡರು. ಮನಸ್ಸು ಹಗುರವಾಯಿತು.

"ಹದಿನೈದು" ಎಂದರು ಜೋರಾಗಿ.

ದೊಡ್ಡಲಕ್ಷ್ಮಮ್ಮ ಹೆಬ್ಬೆರಳನ್ನು ಹಳೆ ಕಾಗದಕ್ಕೆ ಒಮ್ಮೆ ಒರೆಸಿದಳು. ಮಸಿ ಪೂರ್ತಿ ಹೋಯಿತು. ಆ ಕೈಯಲ್ಲೇ ತಾಹೇರಾಳ ಕೆನ್ನೆ ಸವರಿ, ಲಿಂಗಯ್ಯ ತಂದ ಟೀ ತಗೊಂಡಳು.

ಸಂಜೆ ವಿಮಲಮ್ಮ ನಲ್ಲಿಯ ಕೆಳಗೆ ಎರಡು ಸಲ ಸೋಪು ಹಾಕಿ, ಒತ್ತಿಸುವಾಗ ಮಸಿ ತಗುಲಿದ್ದ ಕೈ ತೊಳೆದರು. ಮಾಗಡಿಯಲ್ಲಿ ಬಸ್ಸು ಬದಲಿಸಿ ಸೋಲೂರಿನ ಬಸ್ಸಿನಲ್ಲಿ ಕೂತಾಗ ನೋಡಿಕೊಂಡರು. ಅವರ ಹೆಬ್ಬೆರಳಿನ ಸುರುಳಿ ಸುರುಳಿ ಗೆರೆಗಳ ಸಂದಿನಲ್ಲೆಲ್ಲ ನೇರಳೆ ಮಸಿ ಹಾಗೇ ಉಳಿದಿತ್ತು.