ಹನ್ನೊಂದು ಗಂಟೆಯ ನಿದ್ದೆ

ಬೆಳಿಗ್ಗೆ ಹನ್ನೊಂದಾಯಿತೆಂದರೆ ಬಟಾಣಿಗೆ ನಿದ್ದೆ ಬರುತ್ತಿತ್ತು. ಉಳಿದ ಹದಿನೈದು ಮಕ್ಕಳು ಸೂರು ಹಾರಿಹೋಗುವಂತೆ ಗಲಾಟೆ ಮಾಡುತ್ತಿದ್ದರೂ ಸರಿಯೇ, ಅವಳು ಕಣ್ಣುಜ್ಜುತ್ತ ಬಂದು ಟೀಚರ್ ತೊಡೆಯ ಮೇಲೆ ತಲೆಯಿಟ್ಟು ಮಲಗಿಬಿಡುತ್ತಿದ್ದಳು. ಅರ್ಧ ಗಂಟೆ, ಅಷ್ಟೇ. ಚಾಪೆಯ ಮೇಲೆ ಕಾಲು ಚಾಚಿ ಕೂತ ಟೀಚರ್, ಜೋಮು ಹಿಡಿದರೂ ಅಲುಗಾಡುತ್ತಿರಲಿಲ್ಲ. ಆ ಅರ್ಧ ಗಂಟೆಗಾಗಿಯೇ ಅವಳು ದಿನದ ಉಳಿದ ಹೊತ್ತನ್ನೆಲ್ಲ ಹೇಗೋ ತಳ್ಳುತ್ತಿದ್ದಳು.

ಬಟಾಣಿ ಟೀಚರ್‌ನ ತಂಗಿಯ ಮಗಳು. ಹೆತ್ತ ಹದಿನೈದೇ ದಿನಕ್ಕೆ ತಂಗಿ ಹಾಸಿಗೆ ಹಿಡಿದು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವಂತಾದಾಗ, ಕೂಸನ್ನು ಎತ್ತಿಕೊಂಡು ಬಂದವಳು ಈ ಅಕ್ಕ. ಮದುವೆಯ ಗೋಜಿಗೇ ಹೋಗದ ಹೆಂಗಸು, ಮೂರು ವರ್ಷ ಸಾಕಿದಳು. ಹಲ್ಲು ಮೂಡಿದ್ದು, ಹೆಜ್ಜೆಯಿಟ್ಟದ್ದು, "ಅಮ್ಮ" ಅಂದದ್ದು ಎಲ್ಲ ಅವಳ ಒಂಟಿ ಕೋಣೆಯ ಮನೆಯಲ್ಲೇ. ಆಮೇಲೆ ತಂಗಿ ಪುಣ್ಯಕ್ಕೆ ಗುಣವಾದಳು. ಗುಣವಾದವಳು ಮಗಳನ್ನು ಕರೆದುಕೊಂಡು ಹೋದಳು. ಹೋಗಬೇಕಾದದ್ದೇ, ತಪ್ಪೇನಿದೆ? ತಪ್ಪಿಲ್ಲದ ಕೆಲಸಕ್ಕೂ ಹೊಟ್ಟೆ ಉರಿಯುತ್ತದಲ್ಲ, ಅದಕ್ಕೇನು ಮಾಡೋಣ?

"ಅಕ್ಕ, ಸ್ವಲ್ಪ ದಿನ ಮನೆ ಕಡೆ ಬರ್ಬೇಡ ಕಣೆ," ಎಂದಿದ್ದಳು ತಂಗಿ, ನೆಲ ನೋಡುತ್ತ. "ನೀನಿದ್ರೆ ಅವಳು ನನ್ನ ಹತ್ರ ಸುಳಿಯಲ್ಲ. ನನಗೆ ಹೊಂದ್ಕೊಳ್ಳಲಿ."

ಆ ಸ್ವಲ್ಪ ದಿನ ಎಂಟು ತಿಂಗಳಾಯಿತು. ಹತ್ತಿರದಲ್ಲಿದ್ದದ್ದು ಇದೊಂದೇ ಶಿಶುವಿಹಾರವಾದ್ದರಿಂದ ಮಗು ಇಲ್ಲಿಗೇ ಸೇರಿತು. "ಅಲ್ಲಿ ಟೀಚರ್ ಅನ್ನಬೇಕು" ಎಂದು ಮನೆಯಲ್ಲಿ ಹೇಳಿಕೊಟ್ಟು ಕಳಿಸಿದರು. ಮೊದಲ ವಾರ ತಡವರಿಸುತ್ತಿದ್ದ ಬಟಾಣಿ, ಈಗ ಬೇರೆ ಹೆಸರೇ ಗೊತ್ತಿಲ್ಲದವಳಂತೆ ಟೀಚರ್ ಎಂದೇ ಕೂಗುತ್ತಿದ್ದಳು.

"ನಾಲ್ಕು ವರ್ಷದ ಮಗುಗೆ ಬೆಳಿಗ್ಗೆ ಹನ್ನೊಂದಕ್ಕೆ ಎಂಥಾ ನಿದ್ದೆ?" ಎಂದು ಆಯಾ ಎಷ್ಟೋ ಸಲ ಕೇಳಿದ್ದಳು. "ರಾತ್ರಿ ಸರಿಯಾಗಿ ಮಲಗಲ್ಲ ಅನ್ಸುತ್ತೆ. ಅವರಮ್ಮಂಗೆ ಒಂದು ಮಾತು ಹೇಳಿ."

"ಹೇಳ್ತೀನಿ, ಹೇಳ್ತೀನಿ," ಎನ್ನುತ್ತಿದ್ದಳು ಟೀಚರ್. ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ತೊಡೆ ಖಾಲಿಯಾಗುತ್ತದೆಂಬುದು ಗೊತ್ತಿಲ್ಲದಷ್ಟು ದಡ್ಡಿಯಲ್ಲ ಅವಳು.

ಹೀಗಿರುವಾಗ ಮಕ್ಕಳಿಗೆ ಹುಳುಹುಪ್ಪಟೆಗಳ ಬಗ್ಗೆ ಕಲಿಸುವ ವಾರ ಬಂತು. ಮಕ್ಕಳು ಜೇಡಿಮಣ್ಣಿನ ಮೂರು ಉಂಡೆ ಜೋಡಿಸಿ ಪೊರಕೆಕಡ್ಡಿಯ ಆರು ಕಾಲು ಚುಚ್ಚಿ ಇರುವೆ ಮಾಡಿದರು. ಒಬ್ಬ ಮಹಾಶಯ ಹನ್ನೆರಡು ಕಾಲು ಚುಚ್ಚಿ, "ಇದು ಓಡೋ ಇರುವೆ" ಎಂದ. ಅಂಗಳದ ಕಲ್ಲೆತ್ತಿ ಭೂತಗನ್ನಡಿ ಹಿಡಿದು ನೋಡಿದ್ದಾಯಿತು, ಒಬ್ಬಳು ಕಚ್ಚಿಸಿಕೊಂಡು ಅತ್ತದ್ದೂ ಆಯಿತು. ಶನಿವಾರ ಅಪ್ಪ ಅಮ್ಮಂದಿರನ್ನು ಕರೆದು ವಾಸನೆಯಾಟ ಆಡಿಸುವುದೆಂದು ಟೀಚರ್ ನಿಶ್ಚಯಿಸಿದಳು.

ಆಟ ಇಷ್ಟೇ. ಕೋಣೆಯ ನಾಲ್ಕು ಮೂಲೆ ನಾಲ್ಕು ಇರುವೆಗೂಡು. ಒಂದೊಂದರಲ್ಲೂ ರಾಣಿ ಇರುವೆಯಾಗಿ ಒಬ್ಬ ದೊಡ್ಡವರು. ರಾಣಿಯ ಕೊರಳಿನ ಬಟ್ಟೆಗೆ ಒಂದು ಮೂಲೆಯಲ್ಲಿ ನಿಂಬೆ, ಇನ್ನೊಂದರಲ್ಲಿ ಕಾಫಿಪುಡಿ, ಮತ್ತೊಂದರಲ್ಲಿ ಲವಂಗ, ಕಡೆಯದರಲ್ಲಿ ಸೋಪು. ಮಗುವಿನ ಕೈಗೆ ಅದೇ ವಾಸನೆಯ ಪುಟ್ಟ ಚೀಲ ಕೊಟ್ಟು, ಕಣ್ಣು ಕಟ್ಟಿ ಬಿಡುವುದು. ಅದು ಮೂಸುತ್ತ ಮೂಸುತ್ತ ತನ್ನ ಗೂಡು ಸೇರಬೇಕು.

ಲವಂಗದ ರಾಣಿಯಾಗಿ ಕೂತವನು ಬಸ್ ಡ್ರೈವರ್, ಒಂದು ಮಗುವಿನ ಅಪ್ಪ.

"ರಾಣಿಗೆ ಮೀಸೆ ಇರುತ್ತಾ?" ಎಂದು ಯಾರೋ ಕೇಳಿದರು.

"ಇರುವೆ ಅಂದ್ಮೇಲೆ ಮೀಸೆ ಇಲ್ದೆ ಇರುತ್ತೇನ್ರೀ?" ಎಂದು ಅವನು ಮೀಸೆ ತಿರುವಿದ. ಕೋಣೆಯೆಲ್ಲ ನಕ್ಕಿತು. ನಿಂಬೆಯ ಮೂಲೆಯಲ್ಲಿ ಕೂತಿದ್ದ ತಂಗಿಯೂ ನಕ್ಕಳು. ಎಷ್ಟು ಸೊರಗಿದ್ದಾಳೆ ಎಂದು ಟೀಚರ್‌ಗೆ ಆಗಲೇ ಕಂಡದ್ದು. ಕಣ್ಣ ಕೆಳಗೆ ಕಪ್ಪು, ಮೈತುಂಬ ಪೌಡರಿನ ಘಮ.

ನಾಲ್ಕು ನಾಲ್ಕು ಮಕ್ಕಳ ಮೂರು ಸರದಿ ಚೆನ್ನಾಗಿ ನಡೆಯಿತು. ಪ್ರತಿ ಸಲವೂ ಟೀಚರ್, "ನಿಮ್ಮ ಕೈಯಲ್ಲಿರೋ ಚೀಲ ಮೂಸಿ, ಅದೇ ವಾಸನೆ ಹುಡುಕಿ" ಎಂದು ಬಿಡಿಸಿ ಹೇಳುತ್ತಿದ್ದಳು. ಕಡೆಯ ಸರದಿಯ ಹೊತ್ತಿಗೆ ಗಂಟಲು ಕಟ್ಟಿತ್ತು. ಬಟಾಣಿಗೆ ಕಣ್ಣು ಕಟ್ಟುತ್ತ, ಚುಟುಕಾಗಿ ಮುಗಿಸೋಣವೆಂದು, "ಹೊರಡ್ರಪ್ಪ ಇರುವೆಗಳೇ, ನಿಮ್ಮನಿಮ್ಮ ಮನೆ ವಾಸನೆ ಹಿಡ್ಕೊಂಡು ಮನೆಗೆ ಹೋಗಿ" ಎಂದುಬಿಟ್ಟಳು.

ಹೇಳಿದ ಮಾತು ಕೇಳುವ ಮಗು ಬಟಾಣಿ. ನಿಂಬೆಯ ಚೀಲವನ್ನು ಕೆಳಗೆ ಹಾಕಿದಳು. ಮೂಗು ಮೇಲೆತ್ತಿದಳು. ನೇರ ಅಮ್ಮನ ಕಡೆಗೇ ನಡೆದಳು. ತಂಗಿ ಎರಡೂ ಕೈ ಚಾಚಿ ಮುಂದಕ್ಕೆ ಬಾಗಿದಳು. ಬಟಾಣಿ ಒಂದು ಗಳಿಗೆ ನಿಂತು, ಮೂಸಿ, ಮೂಗು ಸುಕ್ಕಿಸಿ ಪಕ್ಕಕ್ಕೆ ತಿರುಗಿದಳು. ಆಟದಲ್ಲೇ ಇಲ್ಲದ, ಕಪ್ಪುಹಲಗೆಗೆ ಒರಗಿ ನಿಂತಿದ್ದ ಟೀಚರ್ ಬಳಿಗೆ ತಡವುತ್ತ ಬಂದು, ಅವಳ ಹೊಟ್ಟೆಗೆ ಮುಖವೊತ್ತಿ ಉಸಿರೆಳೆದುಕೊಂಡಳು.

"ಮನೆ ಸಿಕ್ತು," ಎಂದಳು.

"ತಪ್ಪು ತಪ್ಪು! ಅವಳು ಔಟು!" ಎಂದು ಮಕ್ಕಳು ಕುಣಿದರು. ದೊಡ್ಡವರು ಚಪ್ಪಾಳೆ ತಟ್ಟಿದರು. ಎಂಟು ತಿಂಗಳಿಂದ ಟೀಚರ್ ಹಂಬಲಿಸಿದ್ದು ಇದಕ್ಕೇ. ಈ ಮಾತೊಂದು ಕಿವಿಗೆ ಬಿದ್ದರೆ ಸಾಕು, ಬೇರೇನೂ ಬೇಡವೆಂದು ಎಷ್ಟು ಸಲ ಅಂದುಕೊಂಡಿದ್ದಳೋ! ಈಗ ಬಿದ್ದಾಗ ತಂಗಿಯ ಚಾಚಿದ ಕೈ ಕಂಡಿತು. ಗಂಟೆ ಹನ್ನೊಂದಾಗಿತ್ತು. ಬಟಾಣಿ ಅಲ್ಲೇ ಜಾರಿ ಕೂತು, ಕಣ್ಣಿನ ಪಟ್ಟಿಯನ್ನೂ ಬಿಚ್ಚದೆ ನಿದ್ದೆ ಹೋದಳು.

ಎಲ್ಲರೂ ಹೋದರು. ಗಿಡ್ಡ ಕುರ್ಚಿಯ ಮೇಲೆ ಮೊಣಕಾಲು ಮಡಿಸಿಕೊಂಡು ಕೂತ ತಂಗಿ ಮಾತ್ರ ಉಳಿದಳು. ಮಗು ಟೀಚರ್ ತೊಡೆಯ ಮೇಲಿತ್ತು.

"ದಿನಾ ಹೀಗೇನಾ?"

"ದಿನಾ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಇದೂ ಹೋಗುತ್ತೆ ಅಂತ," ಎಂದಳು ಟೀಚರ್. ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ.

ತಂಗಿ ಸಿಟ್ಟಾಗುತ್ತಾಳೆಂದು ಅವಳು ಕಾದಳು. ತಂಗಿ ಅತ್ತಳು. "ಮನೇಲಿ ಕಣ್ಣೇ ಮುಚ್ಚಲ್ಲ ಕಣೆ ಅಕ್ಕ. ಗೋಡೆ ಕಡೆ ತಿರುಗಿ ಸುಮ್ನೆ ಮಲಗಿರ್ತಾಳೆ. ಅಳೋದೂ ಇಲ್ಲ. ಕಥೆ ಹೇಳಿದೆ, ಹಾಡಿದೆ, ತಟ್ಟಿದೆ. ಹೆತ್ತವಳು ನಾನು. ನನ್ನ ಮಗಳನ್ನ ಹೆಂಗೆ ಮಲಗಿಸೋದು ಅಂತ ನಿನ್ನನ್ನ ಯಾವ ಮುಖ ಇಟ್ಕೊಂಡು ಕೇಳ್ಲಿ?"

ತಾನಾಗೇ ಅಭ್ಯಾಸ ಆಗುತ್ತೆ ಬಿಡು ಎಂದರೆ ಮುಗಿಯಿತು, ತಂಗಿ ನಂಬುತ್ತಾಳೆ, ಸೋಮವಾರ ಹನ್ನೊಂದಕ್ಕೆ ಮಗು ಮತ್ತೆ ಇಲ್ಲೇ. ಅಷ್ಟು ಸುಲಭ. ತೊಡೆಯ ಮೇಲಿನ ಭಾರವನ್ನೂ ತಂಗಿಯ ಕಣ್ಣ ಕೆಳಗಿನ ಕಪ್ಪನ್ನೂ ಟೀಚರ್ ನೋಡಿದಳು.

"ಬಾ ಇಲ್ಲಿ," ಎಂದಳು ಕೊನೆಗೆ. "ಕೂತ್ಕೋ. ಕಾಲು ಚಾಚು."

ಮಗುವನ್ನು ಮೆಲ್ಲಗೆ ತಂಗಿಯ ತೊಡೆಗೆ ಸರಿಸಿದಳು. "ಅವಳ ಎಡಗೈ ನಿನ್ನ ಕಂಕುಳಲ್ಲಿ ಇಟ್ಕೋ. ಅಲ್ಲಿನ ಬಿಸಿ ಬೇಕು ಅವಳಿಗೆ. ಕಿವಿ ಹಿಂದೆ ಹೆಬ್ಬೆರಳಲ್ಲಿ ಮೇಲಿಂದ ಕೆಳಕ್ಕೆ ಸವರು. ಮೇಲಕ್ಕೆ ಸವರ್ಬೇಡ, ಎಚ್ಚರ ಆಗ್ಬಿಡ್ತಾಳೆ. ತಟ್ಬೇಡ. ಮಾತಾಡ್ಬೇಡ. ಮತ್ತೆ ಈ ಪೌಡರು ಯಾಕೆ ಇಷ್ಟೊಂದು ಬಳ್ಕೊಂಡಿದೀಯ?"

"ಮೈಯೆಲ್ಲ ಆಸ್ಪತ್ರೆ ನಾತ ಅಂತ..."

"ಇನ್ನೆಲ್ಲಿಯ ಆಸ್ಪತ್ರೆ, ಹುಚ್ಚಿ! ಯಾವತ್ತೋ ಹೋಯ್ತು. ಅವಳು ಮಲಗೋ ಹೊತ್ತಿಗೆ ಏನೂ ಹಚ್ಕೋಬೇಡ. ನಿನ್ನ ವಾಸನೆ ಸಿಗಲಿ ಅವಳಿಗೆ."

ಬಟಾಣಿ ನಿದ್ದೆಯಲ್ಲೇ ಮಿಸುಕಿದಳು. ಮೂಗಿನಿಂದ ಏನೋ ಹುಡುಕಿದಳು. ತಂಗಿ ಉಸಿರು ಬಿಗಿಹಿಡಿದು ಹೆಬ್ಬೆರಳು ಸವರಿದಳು, ಒಂದು ಸಲ, ಎರಡು ಸಲ. ಮಗು ನಿಟ್ಟುಸಿರುಬಿಟ್ಟು ಮತ್ತೆ ನಿದ್ದೆಗೆ ಜಾರಿತು.

"ಇಷ್ಟೇನಾ?" ಎಂದಳು ತಂಗಿ ಪಿಸುದನಿಯಲ್ಲಿ.

"ಇಷ್ಟೇ," ಎಂದಳು ಟೀಚರ್. ಅವಳ ಬಳಿ ಬಚ್ಚಿಟ್ಟುಕೊಳ್ಳಲು ಇನ್ನೇನೂ ಉಳಿದಿರಲಿಲ್ಲ.

ಸೋಮವಾರ ಬಟಾಣಿ ಮಾಮೂಲಿನಂತೆ ಹನ್ನೊಂದಕ್ಕೆ ಬಂದು ಮಲಗಿದಳು. ಆಹಾ, ಫಲಿಸಲಿಲ್ಲ ಎಂದು ಟೀಚರ್ ಮನಸ್ಸು ಹಿಗ್ಗಿತು, ಹಿಗ್ಗಿದ್ದಕ್ಕೆ ನಾಚಿತು. ಬುಧವಾರ ಬರೀ ಹತ್ತು ನಿಮಿಷ. ಶುಕ್ರವಾರ ತೊಡೆಗೆ ತಲೆಯಿಟ್ಟವಳು ಸೂರು ನೋಡುತ್ತ ಏನೇನೋ ಮಾತಾಡಿ ಎದ್ದು ಓಡಿದಳು.

ಅದರ ಮುಂದಿನ ವಾರ ಒಂದು ದಿನ, ಹನ್ನೊಂದಾಗುತ್ತಲೇ ಟೀಚರ್ ಎಂದಿನಂತೆ ಚಾಪೆಯ ಮೇಲೆ ಕಾಲು ಚಾಚಿ ಕೂತಳು. ಮಕ್ಕಳು ಒಬ್ಬರ ಹಿಂದೊಬ್ಬರು ಅಂಬೆಗಾಲಿಟ್ಟು ಇರುವೆಸಾಲು ಹೊರಟಿದ್ದರು. ಸಾಲಿನ ಮುಂದಿದ್ದವಳು ಬಟಾಣಿ. ಕಣ್ಣು ತೊಳೆದಿಟ್ಟಂತೆ ಹೊಳೆಯುತ್ತಿತ್ತು, ಕೆನ್ನೆ ತುಂಬಿಕೊಂಡಿತ್ತು. ನೇರ ತನ್ನ ಕಡೆಗೇ ಬರುತ್ತಿರುವುದನ್ನು ಕಂಡು ಟೀಚರ್ ತೊಡೆಯ ಮೇಲಿನ ಬಟ್ಟೆ ಸರಿಪಡಿಸಿಕೊಂಡಳು. ಬಟಾಣಿ ಹತ್ತಿರ ಬಂದು ನಿಂತು, ತಲೆಯೆತ್ತಿ ನೋಡಿದಳು.

"ಟೀಚರ್, ಕಾಲು ತೆಗೀರಿ. ಇರುವೆಗಳು ಮನೆಗೆ ಹೋಗ್ಬೇಕು."

ಟೀಚರ್ ಕಾಲು ಮಡಿಸಿಕೊಂಡಳು.