ಮಂಕು ಹಸಿರು

ಮಂಕಾಗಿದ್ದ ಜೀವಕೋಶಗಳನ್ನು ವನಜಾ ಅವತ್ತು ನೋಡಲು ಕೂತದ್ದು ಬೇರೆ ಏನೂ ಉಳಿದಿರಲಿಲ್ಲ ಎಂಬ ಕಾರಣಕ್ಕೆ. ಬೆಳಿಗ್ಗೆ ಕರೆಂಟು ಹೋಗಿ ಬಂದು ಆಟವಾಡಿ, ಚೆನ್ನಾಗಿ ಹೊಳೆಯುತ್ತಿದ್ದ ಕೋಶಗಳ ತಟ್ಟೆಗಳೆಲ್ಲ ಕೆಟ್ಟುಹೋಗಿದ್ದವು. ಮೂಲೆಯಲ್ಲಿದ್ದ ಮಂಕು ಕೋಶಗಳ ಒಂದು ತಟ್ಟೆ ಮಾತ್ರ ಬದುಕಿಕೊಂಡಿತ್ತು. ಅದನ್ನಾದರೂ ನೋಡೋಣ ಎಂದು ಶಾಖ ಕೊಟ್ಟು ಸೂಕ್ಷ್ಮದರ್ಶಕದ ಕೆಳಗಿಟ್ಟಳು.

ಮಂಡ್ಯದ ಕಾಲೇಜೊಂದರ ಮೇಲಿನ ಮಹಡಿಯಲ್ಲಿ ಆ ಪ್ರಯೋಗಾಲಯ. ರೇಷ್ಮೆಹುಳುವಿನ ಜೀವಕೋಶ ಬಿಸಿಲಿನ ಪೆಟ್ಟನ್ನು ನೆನಪಿಟ್ಟುಕೊಳ್ಳುತ್ತದೆಯೇ ಎಂಬುದು ಅವರ ಪ್ರಶ್ನೆ. ಕೋಶದೊಳಗೆ ಡಿಎನ್‌ಎ ಎಳೆ ಹಿಸ್ಟೋನ್ ಎಂಬ ಪ್ರೋಟೀನಿನ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ಶಾಖ ತಗುಲಿದರೆ ಹಿಸ್ಟೋನ್‌ಗಳ ಮೇಲೆ ಸಣ್ಣ ರಾಸಾಯನಿಕ ಗುರುತುಗಳು ಬೀಳುತ್ತವೆ. ಹಳೆಯ ವಿಧಾನದಲ್ಲಿ ಅವನ್ನು ನೋಡಲು ಕೋಶವನ್ನು ಕೊಂದು ಬಣ್ಣ ಹಾಕಬೇಕು. ಕಾಣುವುದು ಅದು ಸತ್ತ ಗಳಿಗೆ ಮಾತ್ರ. ವನಜಾ ಮತ್ತು ಅವಳ ಹತ್ತಿರ ಕೆಲಸ ಕಲಿಯುತ್ತ ಪಿಎಚ್‌ಡಿ ಮಾಡುತ್ತಿದ್ದ ಅಮೃತ ಬದುಕಿರುವ ಕೋಶದಲ್ಲೇ ಗುರುತು ನೋಡುತ್ತಿದ್ದರು. ಆ ಗುರುತನ್ನೇ ಹುಡುಕಿ ಅಂಟಿಕೊಳ್ಳುವ ಪ್ರತಿಕಾಯದ ಪುಟ್ಟ ತುಂಡಿಗೆ ಹಸಿರಾಗಿ ಹೊಳೆಯುವ ಪ್ರೋಟೀನು ಜೋಡಿಸಿ, ಕೋಶವೇ ಅದನ್ನು ತನ್ನೊಳಗೆ ತಯಾರಿಸಿಕೊಳ್ಳುವಂತೆ ಮಾಡಿದ್ದರು. ಗುರುತು ಎಲ್ಲಿದೆಯೋ ಅಲ್ಲಿ ಹಸಿರು ಚುಕ್ಕೆ.

ಶಾಖ ಕೊಟ್ಟ ಮೇಲೆ ಆ ಚುಕ್ಕೆಗಳು ಮಾರನೆಯ ದಿನವೂ ಆರುತ್ತಿರಲಿಲ್ಲ. ಕೋಶಕ್ಕೆ ನೆನಪಿದೆ ಎಂದು ಅವರು ಪೇಪರ್ ಬರೆದು ಪ್ರಕಟಿಸಿದರು. ಅಮೃತಳ ಥೀಸಿಸ್ ನಿಂತಿದ್ದದ್ದು ಅದರ ಮೇಲೆ.

ಈ ಮಂಕು ಕೋಶಗಳಲ್ಲಿ ಚುಕ್ಕೆಗಳು ಸಂಜೆಗೇ ಆರಿಹೋದವು.

ವನಜಾ ಮೈಕ್ರೋಸ್ಕೋಪು ಆರಿಸಿ, ಮನೆಗೆಂದು ಮದ್ದೂರಿನ ರೈಲು ಹತ್ತಿದಳು. ನಿಂತೇ ಹೋದಳು. ತಪ್ಪು ಎಲ್ಲಿದೆ ಎಂದು ಅರ್ಥ ಆಗಿಬಿಟ್ಟಿತ್ತು, ಆಗದಿದ್ದರೆ ಚೆನ್ನಾಗಿತ್ತು ಎನ್ನಿಸುವಷ್ಟು ಸುಸ್ತಾಗಿತ್ತು. ಮುಂದಿನ ವಾರ ಹಸಿರು ತುಂಡೇ ಇಲ್ಲದ ಕೋಶಗಳಿಗೆ ಶಾಖ ಕೊಟ್ಟು, ಹೊತ್ತುಹೊತ್ತಿಗೆ ಕೆಲವನ್ನು ಕೊಂದು ಹಳೆಯ ವಿಧಾನದಲ್ಲೇ ಬಣ್ಣ ಹಾಕಿ ನೋಡಿದಳು. ಅವುಗಳಲ್ಲೂ ಗುರುತು ಬೇಗ ಅಳಿಸಿಹೋಗಿತ್ತು. ಹೊಳೆಯುವ ಕೋಶಗಳಲ್ಲಿ ಹಸಿರು ತುಂಡು ವಿಪರೀತ ಇತ್ತು. ಅದು ಗುರುತಿನ ಮೇಲೆ ಜಡಿದು ಕೂತು, ಗುರುತು ಅಳಿಸಲು ಬರುವ ಕಿಣ್ವಕ್ಕೆ ಜಾಗವನ್ನೇ ಬಿಡುತ್ತಿರಲಿಲ್ಲ. ಅವರು ನೆನಪು ಎಂದುಕೊಂಡದ್ದು ಅವರೇ ಹಾಕಿದ ಅಡ್ಡಿ.

ಮೊದಲು ಅಮೃತಳಿಗೆ ಹೇಳಿದಳು. ಅಮೃತ ಚಿತ್ರಗಳನ್ನು ಒಂದೊಂದಾಗಿ ನೋಡಿದಳು, ಮತ್ತೆ ಮೊದಲಿನಿಂದ ನೋಡಿದಳು.

"ಮಂಕಾಗಿರೋದನ್ನ ಲೆಕ್ಕಕ್ಕೆ ತಗೋಬೇಡ ಅಂತ ನೀನೇ ತಾನೇ ಅಕ್ಕ ಹೇಳ್ಕೊಟ್ಟಿದ್ದು?"

"ಹೂಂ. ಎಲ್ರೂ ಹಂಗೇ ಮಾಡೋದು. ಚೆನ್ನಾಗಿ ಕಾಣೋದನ್ನೇ ಆರಿಸ್ಕೋತೀವಿ."

"ಇನ್ನೊಂದ್ ತಿಂಗ್ಳು ಕಳದಿದ್ರೆ ಥೀಸಿಸ್ ಕೊಟ್ಬುಡ್ತಿದ್ದೆ. ಈಗ್ಲೇ ಯಾಕಕ್ಕ ನೋಡಕ್ ಓದೆ?" ಸಿಟ್ಟು ಬಂದಾಗ ಅವಳ ಮಾತಿನಲ್ಲಿ ಮಳವಳ್ಳಿ ಕಡೆಯ ಊರಿನ ಧಾಟಿ ಬರುತ್ತಿತ್ತು. ಬ್ಯಾಗು ತೆಗೆದುಕೊಂಡು ಹೊರಟುಹೋದಳು.

ಅಮೃತಳ ಗೈಡ್, ಪ್ರಯೋಗಾಲಯದ ಮುಖ್ಯಸ್ಥ ಜಯಪ್ರಕಾಶ್ ಪೂರ್ತಿ ಕೇಳಿಸಿಕೊಂಡು, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ನೀನು ಹೇಳ್ತಿರೋದು ಸರಿಯಾಗೇ ಇದೆ ಕಣಮ್ಮ. ಪೇಪರ್ ವಾಪಸ್ ತಗೋತೀನಿ. ಆ ಹುಡುಗಿಗೆ ಯಾರು ಹೇಳ್ತಾರೆ?"

"ಹೇಳ್ದೆ ಸರ್."

ಅವರು ಕನ್ನಡಕ ಹಾಕಿಕೊಂಡು ಪತ್ರಿಕೆಗೆ ಕಾಗದ ಬರೆಯಲು ಕೂತರು.

ಅಮೃತ ಬರಲಿಲ್ಲ, ಫೋನೂ ಎತ್ತಲಿಲ್ಲ. ಭಾನುವಾರ ವನಜಾ ಮಳವಳ್ಳಿ ಬಸ್ಸು ಹಿಡಿದು, ಅಲ್ಲಿಂದ ಆಟೋದಲ್ಲಿ ಅವಳ ಊರಿಗೆ ಹೋದಳು. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಹೆಂಗಸು ಅಮೃತಳ ತಾಯಿ, ಮಲ್ಲಿಗಮ್ಮ.

"ಮೂರೊತ್ತೂ ಮನಿಕ್ಕಂಡೇ ಅವ್ಳೆ ಕಣವ್ವ. ಉಣ್ಣು ಅಂದ್ರೆ ಬ್ಯಾಡ ಅಂತಾಳೆ. ಓದಿದ್ದು ಸಾಕು, ಮದ್ವೆ ಆಗು ಅಂದ್ರೆ ಅದ್ಕೂ ಮಾತಿಲ್ಲ. ನೀನು ಯಾವೂರವ್ವ?"

"ಸೋಮನಹಳ್ಳಿ."

"ಯಾರ ಪೈಕಿ?"

ಈ ಪ್ರಶ್ನೆ ಬರುತ್ತದೆಂದು ವನಜಾಗೆ ಗೊತ್ತಿತ್ತು. ಚಿಕ್ಕಂದಿನಿಂದ ಎಷ್ಟು ಜಗಲಿಗಳಲ್ಲಿ ಕೇಳಿಸಿಕೊಂಡಿದ್ದಳೋ. "ಮೇಷ್ಟ್ರು ಮಹದೇವಯ್ಯನ ಮಗಳು. ನಾವು ಬೌದ್ಧರು" ಎಂದಳು.

ಮಲ್ಲಿಗಮ್ಮನ ಕೈ ನಿಂತಿತು. "ಹಂಗಾ," ಎಂದು ಮತ್ತೆ ಅವರೆಕಾಯಿಗೆ ಕೈಹಾಕಿದಳು. ಒಳಗೆ ಬಾ ಎನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ವನಜಾ ಬಿಸಿಲಲ್ಲೇ ನಿಂತಿದ್ದಳು. ವಾಪಸ್ ಹೋಗಿಬಿಡೋಣ ಎನ್ನಿಸಿತು. ಆಟೋ ಹೊರಟುಹೋಗಿತ್ತು.

ಅಷ್ಟರಲ್ಲಿ ಅಮೃತ ಬಾಗಿಲಿಗೆ ಬಂದಳು. ಕೂದಲು ಕೆದರಿತ್ತು. ತಾಯಿಯ ಮುಖ ನೋಡಿದಳು, ವನಜಾಳ ಮುಖ ನೋಡಿದಳು.

"ಒಳಗ್ ಬಾ ಅಕ್ಕ," ಎಂದು ವನಜಾಳ ಕೈ ಹಿಡಿದುಕೊಂಡು ಅಡುಗೆಮನೆಗೇ ಕರೆದೊಯ್ದಳು. ಮಲ್ಲಿಗಮ್ಮ ಹಿಂದೆಯೇ ಬಂದು ಹೊಸ್ತಿಲ ಹತ್ತಿರ ನಿಂತಳು. "ಹಾಲು ಆ ಚಿಕ್ಕ ಪಾತ್ರೇಲಿ ಐತೆ, ಅದ್ನ ಕಾಯ್ಸು" ಎಂದಷ್ಟೇ ಹೇಳಿ ಹೊರಗೆ ಹೋದಳು.

ಇಬ್ಬರೂ ನೆಲದ ಮೇಲೆ ಕೂತು ಕಾಫಿ ಕುಡಿದರು.

"ನಂಗೆ ಸಾಕಾಗೈತೆ ಅಕ್ಕ."

"ನಂಗೂ ಸಾಕಾಗಿದೆ."

ಅಮೃತ ಅತ್ತಳು. ವನಜಾ ಲೋಟ ಕೆಳಗಿಟ್ಟು ಅವಳ ಪಕ್ಕಕ್ಕೆ ಸರಿದು ಕೂತಳು. ಸಮಾಧಾನ ಹೇಳಲು ಶಕ್ತಿ ಇರಲಿಲ್ಲ.

"ಈಗೇನು ಬರೀಲಿ?"

"ಹಸಿರು ಎಷ್ಟಿದ್ರೆ ಕೋಶ ತನ್ನ ಪಾಡಿಗೆ ತಾನಿರುತ್ತೆ, ಎಷ್ಟಾದ್ರೆ ಕೆಡುತ್ತೆ ಅಂತ ಬರಿ. ಅದು ಯಾರೂ ಸರಿಯಾಗಿ ಅಳೆದಿಲ್ಲ."

"ಯಾರು ಓದ್ತಾರೆ ಅದ್ನ?"

"ಈ ಕೆಲಸಕ್ಕೆ ಕೈಹಾಕೋರು. ಜಾಸ್ತಿ ಜನ ಇಲ್ಲ."

ಅಮೃತಳಿಗೆ ಅಳುವಿನ ನಡುವೆಯೇ ನಗು ಬಂತು. ಕೆಲಸಕ್ಕೆ ವಾಪಸ್ ಬರುತ್ತೇನೆಂದು ಮಾತ್ರ ಹೇಳಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಬಂದಳು, ಕೋಟು ಹಾಕಿಕೊಂಡು ಕೆಲಸಕ್ಕೆ ಕೂತಳು. ಮಂಕಿನಿಂದ ಹೊಳಪಿನವರೆಗೆ ಕೋಶಗಳನ್ನು ಬೇರೆಬೇರೆ ಮಾಡಿ, ಪ್ರತಿಯೊಂದಕ್ಕೂ ಶಾಖ ಕೊಟ್ಟು, ಗುರುತು ಯಾವಾಗ ಆರುತ್ತದೆಂದು ಅಳೆಯಬೇಕಿತ್ತು. ಅದು ಕಣ್ಣು ಸೋಲಿಸುವ ಕೆಲಸ. ಮಂಕು ಹಸಿರು ಕಾಣಬೇಕೆಂದು ಬೆಳಕು ಹೆಚ್ಚಿಸಿದರೆ ಕೋಶ ಸಾಯುತ್ತಿತ್ತು. ಕಡಿಮೆ ಮಾಡಿದರೆ ಏನೂ ಕಾಣುತ್ತಿರಲಿಲ್ಲ. ಒಬ್ಬರು ನೋಡುವಾಗ ಇನ್ನೊಬ್ಬರು ಮೇಜಿಗೆ ತಲೆಯೊರಗಿಸಿ ನಿದ್ದೆ ಮಾಡುತ್ತಿದ್ದರು.

ಥೀಸಿಸ್ ಮುಗಿಯಲು ಮತ್ತೊಂದು ವರ್ಷ ಹಿಡಿಯಿತು. ಮೊದಲಿನದಕ್ಕಿಂತ ತೆಳ್ಳಗಿತ್ತು, ಬಿಸಿಲಿನ ನೆನಪಿನ ಮಾತೇ ಅದರಲ್ಲಿರಲಿಲ್ಲ. ಮೌಖಿಕ ಪರೀಕ್ಷೆಗೆ ಬಂದವರು ಎರಡು ಪ್ರಶ್ನೆ ಕೇಳಿ, ಊಟ ಮಾಡಿ ಹೊರಟರು. ಆಮೇಲೆ ದೂರದ ಊರಿನ ಪ್ರಯೋಗಾಲಯದವರು ಯಾರೋ ಅಮೃತಳಿಗೆ ಬರೆದು, ತಮ್ಮ ಕೋಶಗಳಲ್ಲೂ ಹೀಗೇ ಆಗುತ್ತಿದೆ, ಎಷ್ಟು ಹಸಿರು ಇಡಬೇಕೆಂದು ಕೇಳಿದರು.

ಅಮೃತ ಅದನ್ನು ಫೋನಿನಲ್ಲಿ ಓದಿ ಹೇಳುವಾಗ ವನಜಾ ರಾತ್ರಿ ಮನೆಗೆ ಹೋಗಲು ಮಂಡ್ಯ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದಳು. ರೈಲು ತಡವಾಗಿತ್ತು.

"ಉತ್ತರ ಬರಿ," ಎಂದಳು. "ನಾಳೆ ಬರಿ. ಇವತ್ತು ಮಲಗು."