ಕಾಗದದೊಳಗಿನ ಕುಂಕುಮ

ವಿಘ್ನೇಶ್ವರ ಹೆಗಡೆಯವರು ಶಿರಸಿಯ ಆಸ್ಪತ್ರೆಯಲ್ಲಿ ಮಲಗಿ ಬಾಗಿಲನ್ನೇ ನೋಡುತ್ತಿದ್ದರು. ಮಗ ಸಂದೇಶ ಹೊಡೆದಾಟದ ಕೇಸಿನಲ್ಲಿ ಸಿಕ್ಕಿ ಘಟ್ಟದ ಕೆಳಗಿನ ಜೈಲಿನಲ್ಲಿದ್ದ. ಸಿಟ್ಟಿನಿಂದ ಅವನ ಜೊತೆ ಮಾತು ಬಿಟ್ಟಿದ್ದ ಅಪ್ಪ ಈಗ, ಒಮ್ಮೆ ಅವನ ಮುಖ ನೋಡಬೇಕು ಎನ್ನುತ್ತಿದ್ದರು. ತಾಯಿ ಸೀತಾ ಕಾಗದ ಬರೆದರು. ಅಪ್ಪನಿಗೆ ಕಾಯಿಲೆ ಜೋರಾಗಿದೆ, ಹೇಗಾದರೂ ಮಾಡಿ ಬಾ ಎಂದು.

ನಮ್ಮ ಕಡೆಯ ತಾಯಂದಿರು ಪ್ರಸಾದ ಇಡದೆ ಕವರು ಅಂಟಿಸಿದ್ದುಂಟೇ? ಸೀತಾ ಚೂರು ಕುಂಕುಮವನ್ನು ಪೊಟ್ಟಣ ಕಟ್ಟಿ, ಹೂವಿನೊಂದಿಗೆ ಒಳಗಿಟ್ಟರು.

ಉತ್ತರ ಬರಲಿಲ್ಲ.

"ಆನು ಮಾತು ಬಿಟ್ಟ ಸಿಟ್ಟು ಅಂವಂಗೆ ಇನ್ನೂ ಹೋಯ್ದಿಲ್ಲೆ. ಅಂವ ಬರ್ತ್ನಿಲ್ಲೆ" ಎಂದರು ವಿಘ್ನೇಶ್ವರ. ಹಾಗೆಂದುಕೊಂಡೇ ಕಣ್ಣು ಮುಚ್ಚಿದರು. ಸಂದೇಶನ ವಕೀಲರಿಗೊಂದು ಫೋನು ಮಾಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಚಿತೆಗೆ ಕೊಳ್ಳಿ ಇಟ್ಟವನು ಹೆಗಡೆಯವರ ತಮ್ಮನ ಮಗ.

ಕೆಲವು ದಿನದ ಮೇಲೆ ಹುಮಾ ಮಾತಾಡಿಸಲು ಬಂದಳು. ಉಚಿತ ಕಾನೂನು ನೆರವಿನ ಸ್ವಯಂಸೇವಕಿ, ಸೀತಾಗೆ ಹಳೆಯ ಪರಿಚಯ.

"ಅಪ್ಪ ಸಾಯ್ತಿದ್ರೂ ಒಂದು ಸಾಲು ಬರದ್ನಿಲ್ಲೆ. ಎನಗೆ ಇನ್ನು ಅಂವ ಬ್ಯಾಡ" ಎಂದರು ಸೀತಾ.

"ಸೀತಕ್ಕ, ಅವನಿಗೆ ಕಾಗದ ಸಿಕ್ಕಿದ್ಯಾ ಹೇಳಿ ಮೊದ್ಲು ಕೇಳ್ವ" ಎಂದ ಹುಮಾ ಜೈಲಿನಲ್ಲಿ ವಿಚಾರಿಸಿ, ಮರುದಿನ ಮತ್ತೆ ಬಂದಳು.

"ಅವನ ಕೈಗೆ ಕೊಟ್ಟೇ ಇಲ್ಲ. ಕೈದಿಗೆ ಬಂದ ಕಾಗದನ ಅಲ್ಲಿ ಒಡೆದು ನೋಡ್ತಾರೆ. ಒಳಗೆ ಕೆಂಪು ಪುಡಿ ಇತ್ತು ಹೇಳಿ ತಡೆದಿದಾರೆ."

"ದೇವರ ಕುಂಕುಮ ಅದು!"

"ನಿಮಗೆ ಗೊತ್ತು, ನನಗೆ ಗೊತ್ತು. ಅವರಿಗೆ ಹೇಗೆ ಗೊತ್ತಾಗ್ಬೇಕು? ಕುಂಕುಮದ ಹೆಸರಲ್ಲಿ ಅಮಲಿನ ಪುಡಿ, ಎಂತೆಂತದೋ ಒಳಗೆ ಹೋಗ್ತದೆ."

"ಹಂಗಾರೆ ಎಲ್ಲ ಆನೇ ಮಾಡಿದ್ದು" ಎಂದು ಸೀತಾ ತಮ್ಮನ್ನೇ ಹಳಿದುಕೊಂಡು ಅತ್ತರು. ಹುಮಾ ಅವರ ಕೈ ಹಿಡಿದುಕೊಂಡಳು.

"ಯಾರೂ ಹೇಳದೆ ನಿಮಗೆ ಹೇಗೆ ತಿಳೀತದೆ? ಆದ್ರೆ ಅಪ್ಪ ಹೋದ ಸುದ್ದಿ ಸಂದೇಶನಿಗೆ ಇನ್ನೂ ಇಲ್ಲ. ಈಗ್ಲೇ ಬರೀರಿ. ಬರೀ ಕಾಗದ, ಮತ್ತೆಂತದೂ ಬೇಡ. ಕವರಿನ ಮೇಲೆ ಅವನ ಪೂರ್ತಿ ಹೆಸರು, ತಂದೆ ಹೆಸರು, ಕೈದಿ ನಂಬರು, ಜೈಲಿನ ವಿಳಾಸ. ಹಿಂದ್ಗಡೆ ನಿಮ್ಮ ಹೆಸರು, ವಿಳಾಸ. ಕಾಗದನ ಬೇರೆಯವರೂ ಓದ್ತಾರೆ, ಕೇಸಿನ ಮಾತು ವಕೀಲರ ಹತ್ರ ಮಾತ್ರ."

'ತಂದೆ' ಎಂದು ಬರೆದಲ್ಲಿ ಸೀತಾರ ಕೈ ನಿಂತಿತು. ಆಮೇಲೆ ಗಂಡನ ಹೆಸರನ್ನು ಬಿಡಿಸಿ ಬಿಡಿಸಿ ಬರೆದರು.

ಈ ಸಲ ಉತ್ತರ ಬಂತು. ಒಂದೇ ಸಾಲು. "ಆಯಿ, ಅಪ್ಪಯ್ಯ ಎನ್ನ ಕೇಳ್ತಿದ್ನಾ?"

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮವರು ಜೈಲಿನಲ್ಲಿದ್ದರೆ ನಾಚಿಕೊಂಡು ಸುಮ್ಮನಿರಬೇಡಿ. ಕಾಗದ ಬರೆಯಿರಿ. ಅದರೊಳಗೆ ಪ್ರಸಾದ, ದಾರ, ದುಡ್ಡು ಯಾವುದನ್ನೂ ಇಡಬೇಡಿ. ಏನು ಕಳಿಸಬಹುದೆಂದು ಆ ಜೈಲಿನಲ್ಲೇ ಕೇಳಿ. ಮನೆಯಲ್ಲಿ ಯಾರಿಗಾದರೂ ಕಾಯಿಲೆ ಜೋರಾದರೆ ಅಂಚೆಯನ್ನು ಕಾಯದೆ ವಕೀಲರಿಗೆ ತಿಳಿಸಿ, ಕೈದಿಗೆ ಮನೆಯವರನ್ನು ನೋಡಲು ಬಿಡಿ ಎಂದು ಅವರು ಕೋರ್ಟಿನಲ್ಲಿ ಕೇಳಬಹುದು. ವಕೀಲರಿಲ್ಲದಿದ್ದರೆ ತಾಲ್ಲೂಕಿನ ಕಾನೂನು ಸೇವಾ ಸಮಿತಿಗೆ ಹೋಗಿ. ಅಪ್ಪ ಕೇಳುತ್ತಿದ್ದಾನೆ ಎಂಬ ಸುದ್ದಿ, ಅಪ್ಪ ಇರುವಾಗಲೇ ಮಗನಿಗೆ ಮುಟ್ಟಲಿ.